ವೆಂಡೆಲ್ ಸೋಲ್‌ಬರ್ಗ್‌ಗೆ ಬೇಜಾರಿಲ್ಲ

ಟ್ಯಾಮರಾಕ್ ಫಾಲ್ಸ್ ಊರಿನಲ್ಲಿ ವೆಂಡೆಲ್ ಸೋಲ್‌ಬರ್ಗ್ ಬಾಯಿ ತೆರೆದಾಗ ಯಾರಾದರೂ ಕಿವಿಗೊಟ್ಟ ನಿದರ್ಶನವಿಲ್ಲ. ಇದಕ್ಕೆ ಅವನ ಸ್ವಭಾವಕ್ಕಿಂತ ಅವನ ಉದ್ಯೋಗವೇ ಹೆಚ್ಚು ಕಾರಣ. ಶಾಲೆಯ ಐಸ್ ಹಾಕಿ ಅಂಗಣದಲ್ಲಿ ಆಟದ ನಡುವಿನ ವಿರಾಮಕ್ಕೆ ಒಂದು ದೊಡ್ಡ ಯಂತ್ರ ಬಂದು, ಕೆತ್ತಿಹೋದ ಐಸನ್ನು ಹೆರೆದು ನುಣುಪು ಮಾಡುತ್ತದಲ್ಲ, ಅದನ್ನು ಓಡಿಸುವವನು ಅವನು. ಅವನ ಯಂತ್ರ ಒಳಗೆ ಬಂತೆಂದರೆ ಊರಿನವರೆಲ್ಲ ಎದ್ದು ಪಾಪ್‌ಕಾರ್ನಿಗೋ ಶೌಚಕ್ಕೋ ಹೊರಡುವುದು ರೂಢಿ. ಹೀಗಾಗಿ ಎಷ್ಟೋ ವರ್ಷದಿಂದ ಊರು ಅವನಿಗೆ ಬೆನ್ನು ತೋರಿಸಿಕೊಂಡೇ ಬಂದಿದೆ. ಮನೆಯಲ್ಲಿ ಹೆಂಡತಿ ಆರ್ಡಿಸ್ ಮುಖ ತೋರಿಸುತ್ತಾಳೆ, ನಿಜ. ಆದರೆ ಆ ಮುಖ ಟೀವಿಯ ಕಡೆ ಇರುತ್ತದೆ.

ಅಂಥವನ ಒಂದು ಮಾತು ಸೆಪ್ಟೆಂಬರಿನ ಒಂದು ಬೆಳಿಗ್ಗೆ ಮರ್ನಾಳ ಕಾಫಿ ಅಂಗಡಿಯನ್ನೇ ಸ್ತಬ್ಧಗೊಳಿಸಿತು.

ಅಂದು ಅಲ್ಲಿ ಚರ್ಚೆ ಕಾವೇರಿತ್ತು. ಶಾಲೆಯ ಹಾಕಿ ತಂಡದ ಹೆಸರು ಬ್ರೇವ್ಸ್, ಅಂದರೆ ಮೂಲನಿವಾಸಿ ವೀರರು. ತಂಡದಲ್ಲಿ ಮೂಲನಿವಾಸಿಗಳು ಒಬ್ಬರೂ ಇಲ್ಲ, ವೀರರ ಬಗ್ಗೆ ಭಿನ್ನಾಭಿಪ್ರಾಯವಿದೆ. ತಂಡದ ಗೊಂಬೆಯ, ಅಂದರೆ ಒಳಗೆ ಮನುಷ್ಯ ಹೊಕ್ಕು ಕುಣಿಯುವ ವೇಷದ ಹೆಸರು ಚೀಫ್ ಬೂಮ್‌ಬೂಮ್. ಬಾಯ್ಲರಿನಷ್ಟು ದೊಡ್ಡ ರಬ್ಬರ್ ತಲೆ, ಟೊಮೇಟೊ ಬಣ್ಣದ ಮುಖ, ನೆತ್ತಿಯ ಮೇಲೆ ಟರ್ಕಿ ಕೋಳಿಯ ಗರಿ. ಪ್ರತಿ ಗೋಲಿಗೂ ಅದು ಡೋಲು ಬಾರಿಸಿ, ಅಂಗೈಯಿಂದ ಬಾಯಿ ಬಡಿದುಕೊಂಡು ಹೋ ಹೋ ಎಂದು ಕುಣಿಯುತ್ತದೆ. ಸರೋವರದ ಆಚೆ ದಡದ ಓಜಿಬ್ವೆ ಜನ, ಈ ನೆಲದ ಮೂಲ ಒಡೆಯರು, ಇದು ಸಾಕು ನಿಲ್ಲಿಸಿ ಎಂದು ಬಹಳ ವರ್ಷದಿಂದ ಹೇಳುತ್ತಿದ್ದರು. ಈಗ ಶಾಲಾ ಮಂಡಳಿ ಅಕ್ಟೋಬರಿನಲ್ಲಿ ಬಹಿರಂಗ ಸಭೆ ಕರೆದಿತ್ತು.

"ಗೌರವ ಕಣ್ರಯ್ಯಾ ಅದು!" ಎಂದು ಡ್ವೇನ್ ರಾಸ್ಮುಸೆನ್ ಮೇಜು ಗುದ್ದಿದ. ಅವನು ದೋಣಿ ವ್ಯಾಪಾರಿ, ಬ್ರೇವ್ಸ್ ಅಭಿಮಾನಿ ಸಂಘದ ಅಧ್ಯಕ್ಷ, ಸ್ವರದಲ್ಲಿ ಊರಿಗೇ ದೊಡ್ಡವನು. "ನಾವು ಅವರಿಗೆ ಗೌರವ ಕೊಡ್ತಾ ಇದೀವಿ. ಇಸ್ಕೊಳ್ಳೋಕೆ ಅವರಿಗೇನು ಕಷ್ಟ? ಸುಮ್ನೆ ಇಸ್ಕೊಳ್ಳಿ ಅನ್ನಿ!"

"ನಾನೊಂದು ಮಾತು..." ಎಂದ ವೆಂಡೆಲ್.

"ಯಾರಾದ್ರೂ ಒಬ್ಬ, ಒಬ್ಬನೇ ಒಬ್ಬ ಓಜಿಬ್ವೆ, ನನ್ನೆದುರಿಗೆ ಬಂದು ಬೇಜಾರು ಅಂದಿದಾನಾ?"

"ಯಾರೂ ಬಂದಿಲ್ಲ. ನೀನು ಅವರ ಕಡೆ ಹೋಗೋದೇ ಇಲ್ಲವಲ್ಲ" ಎಂದಳು ಕಾಫಿ ಬಗ್ಗಿಸುತ್ತಿದ್ದ ಮರ್ನಾ.

"ನಾನೊಂದು..." ಎಂದ ವೆಂಡೆಲ್ ಮತ್ತೆ. ಪಕ್ಕದವನು ಅವನ ಮುಂದಿನಿಂದ ಕೈ ಚಾಚಿ ಸಕ್ಕರೆ ತೆಗೆದುಕೊಂಡ. ಆ ಕೈ ಅವನ ಮೂಗನ್ನು ಸವರಿಕೊಂಡೇ ಹೋಯಿತು. ವೆಂಡೆಲ್‌ಗೆ ಎಲ್ಲಿಂದ ಧೈರ್ಯ ಬಂತೋ, ಎದ್ದು ನಿಂತು ಬಿಟ್ಟ. "ನಮ್ಮ ಮುತ್ತಜ್ಜಿ ಓಜಿಬ್ವೆಯೋಳು. ನನಗೇನೂ ಬೇಜಾರಿಲ್ಲ!"

ಚಮಚಗಳು ನಿಂತವು. ಈ ಹೇಳಿಕೆಗೆ ಇದ್ದ ಆಧಾರವೆಂದರೆ, ಮುತ್ತಜ್ಜಿಯ ಕೂದಲು ಕಪ್ಪಗಿತ್ತು ಎಂದು ಅವನ ತಾಯಿ ಯಾವಾಗಲೋ ಅಂದದ್ದು. ಈ ದೇಶದಲ್ಲಿ ಇಷ್ಟು ಆಧಾರದ ಮೇಲೆ ಮೂಲನಿವಾಸಿ ಅಜ್ಜಿಯನ್ನು ಪಡೆದುಕೊಂಡವರು ಅಸಂಖ್ಯ. ವೆಂಡೆಲ್ ಪ್ರಾಮಾಣಿಕ ಮನುಷ್ಯ. ಮಾತು ಬಾಯಿಂದ ಹೊರಬೀಳುವ ಹೊತ್ತಿಗೆ ಅವನೇ ಅದನ್ನು ಮುಕ್ಕಾಲು ಪಾಲು ನಂಬಿದ್ದ.

ಡ್ವೇನ್ ನಿಧಾನವಾಗಿ ಎದ್ದು, ತನ್ನ ಕುರ್ಚಿಯನ್ನು ಅವನ ಕಡೆ ಸರಿಸಿದ. "ಕೂತ್ಕೊಳ್ಳಯ್ಯಾ. ಮರ್ನಾ, ಇವರಿಗೊಂದು ಪೈ ಕೊಡು, ಬ್ಲೂಬೆರ್ರಿದು. ಇಷ್ಟು ದಿನ ಎಲ್ಲಿದ್ದೆ ಮಾರಾಯ ನೀನು?"

"ಇಲ್ಲೇ" ಎಂದ ವೆಂಡೆಲ್.

ಆ ವಾರದ ಪತ್ರಿಕೆಯ ಮುಖಪುಟದಲ್ಲಿ ಅವನ ಭಾವಚಿತ್ರ ಬಂತು. ಛಾಯಾಗ್ರಾಹಕ ಸ್ವಲ್ಪ ದೂರಕ್ಕೆ, ದಿಗಂತದತ್ತ ನೋಡಲು ಹೇಳಿದ್ದ. ವೆಂಡೆಲ್ ನೋಡಿದ್ದು ಪೆಟ್ರೋಲ್ ಬಂಕಿನತ್ತ. ಕೆಳಗೆ ದಪ್ಪಕ್ಷರದಲ್ಲಿ, 'ಬ್ರೇವ್ಸ್ ಹೆಸರಿಗೆ ಮೂಲನಿವಾಸಿ ಮುಖಂಡರ ಬೆಂಬಲ'.

"ನೀನು ಮುಖಂಡನಾ?" ಎಂದು ಆರ್ಡಿಸ್ ಕೇಳಿದಳು. ಅವಳು ಟೀವಿಯ ಸದ್ದು ಕಡಿಮೆ ಮಾಡಿ ಕೇಳಿದಳೆಂಬುದನ್ನು ಗಮನಿಸಬೇಕು.

"ಅವರೇ ಹಾಕ್ಕೊಂಡಿದಾರೆ."

"ಓಜಿಬ್ವೆನಾ?"

"ಸ್ವಲ್ಪ."

"ನಾನು ಮದುವೆ ಆದಾಗ ಹೇಳಿರಲಿಲ್ಲ."

"ನೀನು ಕೇಳಿರಲಿಲ್ಲ."

"ಹೂಂ. ಬೇರೆ ಥರ ಇದೆ" ಎಂದು ಆರ್ಡಿಸ್ ಸದ್ದು ಮತ್ತೆ ಏರಿಸಿದಳು.

ಈ ಸೀಮೆಯ ಜನ ಎದುರಿಗೆ ಯಾರನ್ನೂ 'ಸುಳ್ಳ' ಎನ್ನುವುದಿಲ್ಲ. ತಟ್ಟೆಗೆ ಬಡಿಸಿದ್ದು ಬಾಯಿಗಿಡಲಾಗದಿದ್ದರೆ 'ಬೇರೆ ಥರ ಇದೆ' ಎನ್ನುತ್ತಾರೆ. ಮನೆ ಸುಟ್ಟುಹೋದರೆ 'ಇನ್ನೂ ಕೆಟ್ಟದಾಗಬಹುದಿತ್ತು' ಎನ್ನುತ್ತಾರೆ. ಈ ಸೌಜನ್ಯವೊಂದಿಲ್ಲದಿದ್ದರೆ ವೆಂಡೆಲ್‌ನ ಮೂಲನಿವಾಸಿ ಜೀವನ ಆ ವಾರವೇ ಮುಗಿಯುತ್ತಿತ್ತು. ಯಾರೂ ಎದುರಾಡದ್ದರಿಂದ ಅದು ಬೆಳೆಯಿತು.

ಮೊದಲು ಬೆಳೆದದ್ದು ಲೂಥರನ್ ಚರ್ಚಿನ ನೆಲಮಾಳಿಗೆಯ ಸಾಮೂಹಿಕ ಊಟದಲ್ಲಿ. ಟೆಕ್ಸಸ್‌ನಿಂದ ಹೊಸದಾಗಿ ಬಂದಿದ್ದ ಪಾದ್ರಿ, ಉತ್ಸಾಹಿ ತರುಣ, ಎಲ್ಲರೂ ತಟ್ಟೆ ಹಿಡಿದು ನಿಂತಿರುವಾಗ ಘೋಷಿಸಿಯೇ ಬಿಟ್ಟ. "ಇವತ್ತಿನ ಪ್ರಾರ್ಥನೆಯನ್ನ ನಮ್ಮ ಸಹೋದರ ವೆಂಡೆಲ್ ಅವರು ತಮ್ಮ ಪೂರ್ವಿಕರ ಭಾಷೆಯಲ್ಲಿ ಹೇಳ್ತಾರೆ."

ವೆಂಡೆಲ್‌ನ ಕಿವಿ ಬಿಸಿಯಾಯಿತು. ಮೇಜಿನ ಮೇಲೆ ಹಾಟ್‌ಡಿಶ್ ಎಂಬ ಆಲೂಗಡ್ಡೆ-ಮಾಂಸದ ಬೇಯಿಸಿದ ಅಡಿಗೆ ತಣ್ಣಗಾಗುತ್ತಿತ್ತು. ಇಂಗ್ಲಿಷ್ ಬಿಟ್ಟು ಅವನಿಗೆ ಬರುತ್ತಿದ್ದದ್ದು ಒಂದೇ ಪ್ರಾರ್ಥನೆ, ಚಿಕ್ಕಂದಿನಲ್ಲಿ ಅಜ್ಜಿ ಊಟಕ್ಕೆ ಮುಂಚೆ ಕಿವಿ ಹಿಂಡಿ ಕಲಿಸಿದ್ದು. ಅಪ್ಪಟ ನಾರ್ವೆ ಭಾಷೆಯದು. ಕಣ್ಣು ಮುಚ್ಚಿ ಅದನ್ನೇ ಗಂಭೀರವಾಗಿ, ಎಳೆದು ಎಳೆದು ಹೇಳಿದ. ಪಾದ್ರಿಯ ಕಣ್ಣಲ್ಲಿ ನೀರು ಬಂತು. "ಈ ಕಾಡುಗಳ ಸದ್ದೇ ಅದರಲ್ಲಿ ಕೇಳಿಸ್ತು" ಎಂದ. ಹಿಂದಿನ ಸಾಲಿನಲ್ಲಿ ಇಂಗಾ, ಬೊರ್ಗಿಲ್ಡ್ ಎಂಬ ಅಕ್ಕತಂಗಿಯರಿದ್ದರು. ಎಂಬತ್ತು ದಾಟಿದವರು, ಮನೆಯಲ್ಲಿ ಇವತ್ತಿಗೂ ನಾರ್ವೆ ಭಾಷೆಯಲ್ಲೇ ಜಗಳವಾಡುವವರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬೇರೆ ಥರ ಇತ್ತು" ಎಂದಳು ಇಂಗಾ.

"ತುಂಬಾನೇ" ಎಂದಳು ಬೊರ್ಗಿಲ್ಡ್.

ಡೆಲ್ಫೀನ್ ಕಿಂಗ್‌ಬರ್ಡ್ ಐಸ್ ಅಂಗಣಕ್ಕೆ ಬಂದದ್ದು ಅದರ ಮರುದಿನ. ವೆಂಡೆಲ್ ಯಂತ್ರದ ಅಲಗು ಬಿಚ್ಚಿ ಹರಿತ ಮಾಡುತ್ತಿದ್ದ. ಸರೋವರದಾಚೆಯ ಓಜಿಬ್ವೆ ಹೆಂಗಸು, ಐವತ್ತೈದರ ಆಸುಪಾಸು, ಕೈಯಲ್ಲಿ ಪತ್ರಿಕೆ. ಒಮ್ಮೆ ಭಾವಚಿತ್ರವನ್ನೂ ಒಮ್ಮೆ ಅವನನ್ನೂ ನೋಡಿದಳು. ವೆಂಡೆಲ್ ಹಿಂದೆ ಸರಿದು ಯಂತ್ರಕ್ಕೆ ಬೆನ್ನು ಆನಿಸಿದ.

"ಮುಖಂಡರು ನೀವೇ ಏನು?"

"ಅವರೇ ಹಾಕ್ಕೊಂಡಿದಾರೆ" ಎಂದ ವೆಂಡೆಲ್.

"ನಮ್ಮಲ್ಲಿ ಮೊದಲು ಕೇಳೋದು, ಯಾರ ಮನೆಯವರು ಅಂತ. ಯಾರ ಮನೆ ನಿಮ್ದು?"

"ಮುತ್ತಜ್ಜಿ ಕಡೆಯಿಂದ."

"ರಾಣಿಯಾಗಿದ್ರಾ ಅವರು?"

ಅದನ್ನು ಯೋಚಿಸಿರದ ವೆಂಡೆಲ್ ಮುಜುಗರದಿಂದ, "ಇರಬಹುದು" ಎಂದ.

"ಎಲ್ಲರ ಮುತ್ತಜ್ಜೀನೂ ರಾಣೀನೇ. ಆ ಕಾಲದಲ್ಲಿ ನಮ್ಮಲ್ಲಿ ಅಡಿಗೆ ಮಾಡೋರು ಯಾರೂ ಇರಲಿಲ್ಲವೋ ಏನೋ. ಹೆಸರು?"

"ಗುನ್‌ಹಿಲ್ಡ್."

ನಾರ್ವೆಯ ಮುದುಕಿಯರಿಗಷ್ಟೇ ಇರುವ ಆ ಹೆಸರಿಗೆ ಡೆಲ್ಫೀನಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಗುನ್‌ಹಿಲ್ಡ್. ಹಾಂ. ಬಹಳ ಹಳೇ ಓಜಿಬ್ವೆ ಹೆಸರು." ಪತ್ರಿಕೆ ಮಡಿಸಿ ಕಂಕುಳಲ್ಲಿಟ್ಟಳು. "ಹಾಗಾದ್ರೆ ನೀನು ನನಗೆ ತಮ್ಮ ಆಗ್ಬೇಕು ಕಣೋ. ಸಂತೋಷ. ನಮ್ಮ ಚಿಕ್ಕಮ್ಮ ಬರ್ನಿಸ್ ಮನೆ ಸೋರ್ತಾ ಇದೆ. ಹಿಮ ಬೀಳೋದ್ರೊಳಗೆ ಮಾಡು ಹೊದಿಸ್ಬೇಕು. ಶನಿವಾರ ಬೆಳಿಗ್ಗೆ ಬಾ. ಟ್ರಕ್ ಇದೆ ತಾನೆ?"

"ಇದೆ, ಆದ್ರೆ..."

"ಸುತ್ತಿಗೆ ನಿಂದೇ ತಾ. ನಮ್ಮದಕ್ಕೆ ಹಿಡಿ ಇಲ್ಲ."

ನಾನು ನಿಮ್ಮ ನೆಂಟ ಎಂದು ಪತ್ರಿಕೆಯಲ್ಲಿ ಹಾಕಿಸಿಕೊಂಡವನು, ನೆಂಟರ ಮನೆಯ ಕೆಲಸಕ್ಕೆ ಬರುವುದಿಲ್ಲ ಎನ್ನುವುದು ಹೇಗೆ? ವೆಂಡೆಲ್ ಶನಿವಾರ ಹೋದ. ಮಾಡಿನ ಹಳೆಯ ಹೊದಿಕೆ ಕಿತ್ತ. ಆಚೆಯ ಶನಿವಾರ ಹಲಗೆ ಬಡಿದ. ನಡುವೆ ಒಂದು ದಿನ ಸರೋವರದಿಂದ ತಂದ ಕಾಡಕ್ಕಿಯನ್ನು ಬೆಂಕಿಯ ಮೇಲೆ ಹುರಿಯಲು ಹುಟ್ಟು ಕೊಟ್ಟು ನಿಲ್ಲಿಸಿದರು. ಇನ್ನೊಂದು ದಿನ ಯಾರದೋ ತಿಥಿಯೂಟಕ್ಕೆ ಆಲೂಗಡ್ಡೆ ಸುಲಿಸಿದರು. ಸತ್ತವರು ಯಾರೆಂದು ಅವನಿಗೆ ತಿಳಿಯದು, ಸುಲಿಯುತ್ತ ಸುಲಿಯುತ್ತ ಅವನಿಗೂ ಅಳು ಬಂತು. ಕಣ್ಣಿನ ಆಸ್ಪತ್ರೆಗೆ ಹೋಗುವ ಮುದುಕರನ್ನೆಲ್ಲ ಅವನ ಟ್ರಕ್ಕಿನಲ್ಲಿ ತುಂಬಿದರು. ಅವರು ದಾರಿಯುದ್ದಕ್ಕೂ ಅವನನ್ನು 'ನಮ್ಮ ಗುನ್‌ಹಿಲ್ಡ್ ಮರಿಮಗ' ಎಂದು ಕರೆದು ನಗುತ್ತಿದ್ದರು.

ಬರ್ನಿಸ್ ಚಿಕ್ಕಮ್ಮ ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಅವನ ಕೆಲಸಕ್ಕೆ ಹೆಸರಿಡುತ್ತಿದ್ದಳು. "ಅದೇನೋ ಅದು, ಹಾಕಿದ ಮೊಳೆ ಹಲ್ಲಿನ ಥರ ಸೊಟ್ಟ! ಐಸ್ ಕೆರೆಯೋನಿಗೆ ಮಾಡು ಕೊಟ್ರೆ ಹೀಗೇ. ಇಳಿ, ಸೂಪ್ ಆರ್ತಾ ಇದೆ." ಊಟಕ್ಕೆ ಕೂತಾಗ, "ತಿನ್ನು, ನೋಡು ಹ್ಯಾಗೆ ಬಿಳಿಚಿಕೊಂಡಿದೀಯ. ಹುಟ್ಟಿನಿಂದ ಹೀಗೇನಾ, ಏನಾದ್ರೂ ಕಾಯಿಲೆನಾ?" ಎನ್ನುತ್ತಿದ್ದಳು. ವೆಂಡೆಲ್‌ಗೆ ಇದು ಪರಮ ಸುಖವೆನಿಸಿತು. ಇಷ್ಟು ವರ್ಷದಲ್ಲಿ ಅವನ ಮೊಳೆಯನ್ನಾಗಲಿ ಬಣ್ಣವನ್ನಾಗಲಿ ಯಾರೂ ಇಷ್ಟು ಗಮನವಿಟ್ಟು ಬೈದಿರಲಿಲ್ಲ.

ಇಂಥ ಹೊತ್ತಿನಲ್ಲೇ ಫಾರ್ಗೋ ಪಟ್ಟಣದಿಂದ ಅವನ ಅಕ್ಕ ವರ್ನಾ ಫೋನ್ ಮಾಡಿದಳು. ಪತ್ರಿಕೆ ಅಲ್ಲಿಗೂ ತಲುಪಿತ್ತು.

"ಲೋ ವೆಂಡೆಲ್, ತಲೆ ಕೆಟ್ಟಿದೆಯೇನೋ ನಿಂಗೆ? ಗುನ್‌ಹಿಲ್ಡ್ ಮುತ್ತಜ್ಜಿ ನಾರ್ವೆಯಿಂದ ಹಡಗಲ್ಲಿ ಬಂದೋಳು!"

"ಕೂದಲು ಕಪ್ಪಗಿತ್ತಂತಲ್ಲ."

"ನರೆ ಕಾಣಬಾರದು ಅಂತ, ಕಬ್ಬಿಣದ ಒಲೆಗೆ ಹೊಳಪು ಬರೋಕೆ ಬಳಿಯೋ ಮಸಿ ಹಚ್ಕೋತಿದ್ಳು ಕಣೋ! ದಿಂಬೆಲ್ಲ ಕಪ್ಪಾಗ್ತಿತ್ತಂತೆ!"

ವೆಂಡೆಲ್ ಫೋನಿಟ್ಟು ಅಲ್ಲೇ ಕೂತ. ಮುತ್ತಜ್ಜಿ ಹೋದಳು. ಮುಖಂಡತನ ಹೋಯಿತು. ಅವನಿಗೆ ಅಳುಕಾದದ್ದು ಅದಕ್ಕಲ್ಲ. ಮರ್ನಾಳ ಅಂಗಡಿಯಲ್ಲಿ ಕುರ್ಚಿ ಹೋಗುತ್ತದೆ, ಹೋಗಲಿ. ಬರ್ನಿಸ್ ಚಿಕ್ಕಮ್ಮನ ಅಡಿಗೆಮನೆಯ ಬೆಂಚೂ ಹೋಗುತ್ತದಲ್ಲ. ಹೇಳಿಬಿಡಬೇಕೆಂದು ಮರುದಿನವೇ ಹೋದ. "ಚಿಕ್ಕಮ್ಮ, ನಮ್ಮ ಮುತ್ತಜ್ಜಿ ವಿಷಯ..." ಎನ್ನುತ್ತಿದ್ದಂತೆ ಅವಳು ಕೈಗೆ ಮೊಳೆಯ ಡಬ್ಬ ಕೊಟ್ಟಳು. ಮತ್ತೆ ಬಾಯಿ ತೆರೆದಾಗ ಬಾಯಿಗೇ ಬಿಸಿ ರೊಟ್ಟಿ ತುರುಕಿದಳು. ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಯಾರೂ ಸತ್ಯ ಹೇಳಿದ್ದಿಲ್ಲ.

ಕೊನೆಗೆ ಬೇರೆಯದೇ ಮಾತು ಕೇಳಿದ. "ಚಿಕ್ಕಮ್ಮ, ಆ ಬ್ರೇವ್ಸ್ ಹೆಸರು, ಆ ಗೊಂಬೆ, ನಿಮಗೆ ಬೇಜಾರಾ?"

"ಒಂದ್ಸಲ ಆಟ ನೋಡೋಕೆ ಬಂದಿದ್ದೆ" ಎಂದಳು ಬರ್ನಿಸ್. "ಆ ರಬ್ಬರ್ ತಲೆಯೋನು ನನ್ನ ಎದುರಿಗೇ ಬಂದು ಬಾಯಿ ಬಡ್ಕೊಂಡು ಕುಣಿದ. ಎಲ್ಲರೂ ನನ್ನ ಕಡೆ ತಿರುಗಿ ನಕ್ರು. ನಾನೂ ನಗ್ತೀನೇನೋ ಅಂತ ಕಾಯ್ತಾ ಇದ್ರು. ಆಟ ಚೆನ್ನಾಗಿತ್ತು, ಪೂರ್ತಿ ನೋಡ್ಬೇಕು ಅಂತಿತ್ತು. ಆಮೇಲೆ ಬರಲಿಲ್ಲ."

ಸಭೆಯ ದಿನ ಶಾಲೆಯ ವ್ಯಾಯಾಮಶಾಲೆ ಕಿಕ್ಕಿರಿದಿತ್ತು. ಅಧ್ಯಕ್ಷೆ ಮಿಸೆಸ್ ಪ್ರೀಬೆ ಯಾರಿಗೂ ನೋವಾಗದಂತೆ ಮಾತಾಡುವುದರಲ್ಲಿ ಹೆಸರಾದವರು. ಅವರು ಮೊದಲು, ಬದಲಿ ಹೆಸರು ಸೂಚಿಸಿ ಎಂದು ಕೇಳಿದ್ದೇ ತಪ್ಪಾಯಿತು.

ಒಬ್ಬ 'ಮರಕಡುಕರು' ಎಂದ. ನಮ್ಮ ತಾತ ಮರ ಕಡಿಯುವಾಗ ಸತ್ತದ್ದು, ಅದು ತಮಾಷೆಯಾ ಎಂದು ಇನ್ನೊಬ್ಬ ಎದ್ದ. 'ವಾಲೈ ಮೀನು' ಎಂಬ ಸಲಹೆ ಬಂತು. ಬಲೆಗೆ ಬೀಳುವ ಪ್ರಾಣಿಯ ಹೆಸರಿಟ್ಟರೆ ಗೋಲ್‌ಕೀಪರಿನ ಮನಸ್ಸಿನ ಮೇಲೆ ಏನು ಪರಿಣಾಮ ಎಂದು ಗೋಲ್‌ಕೀಪರಿನ ತಾಯಿ ಕೇಳಿದಳು. 'ರೈತರು' ಎಂದಾಗ ರೈತರು ಕೂಗಿದರು. ಹಾಗಾದರೆ 'ನಾರ್ವೆಯವರು' ಎಂದಿಡಿ ಎಂದು ಯಾರೋ ಅಂದದ್ದಕ್ಕೆ ಸ್ವೀಡನ್ ಮೂಲದವರು ತಮ್ಮನ್ನು ಬಿಟ್ಟದ್ದೇಕೆಂದು ಎದ್ದುನಿಂತರು. ನಾರ್ವೆ ಮೂಲದವರು ತಮ್ಮನ್ನು ಸೇರಿಸಿದ್ದೇಕೆಂದು ಎದ್ದುನಿಂತರು. ಫಿನ್ಲೆಂಡಿನವರು ಮಾತ್ರ ಕೂತೇ ಇದ್ದರು, ಅವರ ಸಿಟ್ಟು ಹಾಗೇ ಕಾಣುವುದು.

"ಸಾಕು!" ಎಂದು ಡ್ವೇನ್ ಗುಡುಗಿದ. "ಬದಲಿ ಹೆಸರು ಯಾಕೆ ಬೇಕು? ಯಾರ ಹೆಸರೋ ಅವರಿಗೇ ಬೇಜಾರಿಲ್ಲ. ಸಾಕ್ಷಿ ಇಲ್ಲೇ ಇದಾರೆ. ಬಾರಯ್ಯ ವೆಂಡೆಲ್!"

ಚಪ್ಪಾಳೆ ಬಿತ್ತು. ಸಭೆಗೆ ಕಳೆ ಕಟ್ಟಲೆಂದು ಡ್ವೇನ್ ಚೀಫ್ ಬೂಮ್‌ಬೂಮ್‌ನನ್ನೂ ಕರೆಸಿದ್ದ. ಅದು ಡೋಲು ಬಾರಿಸುತ್ತ ಬಂದು ಒಂದು ಸುತ್ತು ಹಾಕಿತು. ಮುಂದಿನ ಸಾಲಿನಲ್ಲಿ ಡೆಲ್ಫೀನಳ ಪಕ್ಕ ಬರ್ನಿಸ್ ಕೂತಿದ್ದಳು. ಗೊಂಬೆ ಅವಳ ಎದುರಿಗೆ ನಿಂತು, ಗರಿ ಕುಣಿಸಿ, ಅಂಗೈಯಿಂದ ಬಾಯಿ ಬಡಿದುಕೊಂಡು ಹೋ ಹೋ ಎಂದು ಕುಣಿಯಿತು. ಜನ ನಕ್ಕು ಅವಳತ್ತ ತಿರುಗಿದರು. ಬರ್ನಿಸ್ ತೊಡೆಯ ಮೇಲಿನ ಕೈಚೀಲದ ಕೊಂಡಿ ತೆಗೆದಳು, ಹಾಕಿದಳು. ವೆಂಡೆಲ್‌ಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಸಿಟ್ಟು ಅವನಿಗೆ ಅಭ್ಯಾಸವಿಲ್ಲದ್ದು. ಒಂದು ಕ್ಷಣ ಹೊಟ್ಟೆನೋವೆಂದೇ ಭಾವಿಸಿದ.

"ಮಿಸ್ಟರ್ ಸೋಲ್‌ಬರ್ಗ್, ಈ ಹೆಸರಿನಿಂದ ತಮಗೆ ಬೇಜಾರಿದೆಯೋ ಇಲ್ಲವೋ?" ಎಂದು ಕೇಳಿದರು ಮಿಸೆಸ್ ಪ್ರೀಬೆ.

"ಇದೆ."

ಡ್ವೇನ್‌ನ ಬಾಯಿ ತೆರೆದುಕೊಂಡಿತು. "ಹೋದ ತಿಂಗಳು ಇರಲಿಲ್ಲವಲ್ಲೋ!"

"ಈಗ ಬಂದಿದೆ. ಆ ಗೊಂಬೇನ ಮೊದಲು ಆಚೆ ಕಳಿಸು."

"ಒಬ್ಬ ಓಜಿಬ್ವೆಯಾಗಿ ಹೇಳ್ತಾ ಇದೀರಾ?" ಎಂದು ಅಧ್ಯಕ್ಷೆ ಕೇಳಿದರು.

ವೆಂಡೆಲ್ ಬರ್ನಿಸ್ ಕಡೆ ನೋಡಲಿಲ್ಲ. "ಅಲ್ಲ. ನಾನು ಓಜಿಬ್ವೆ ಅಲ್ಲ. ನಮ್ಮ ಮುತ್ತಜ್ಜಿ ನಾರ್ವೆಯೋಳು. ಕೂದಲಿಗೆ ಮಸಿ ಹಚ್ಕೋತಿದ್ಳು, ಅಷ್ಟೇ. ತಪ್ಪಾಯ್ತು."

ಸಭೆಯಲ್ಲಿ ಗದ್ದಲವೆದ್ದಿತು. ಪಾದ್ರಿ ಎದ್ದುನಿಂತ. "ಆದರೆ ಆ ಪ್ರಾರ್ಥನೆ! ಆ ಕಾಡುಗಳ ಸದ್ದು!"

"ನಾರ್ವೆ ಭಾಷೆ ಅಂತ ಅವತ್ತೇ ಗೊತ್ತಾಯ್ತು ನಮಗೆ" ಎಂದಳು ಇಂಗಾ, ಸೌಜನ್ಯದ ಕಟ್ಟೆ ಒಡೆದು.

"ಎರಡು ತಪ್ಪೂ ಇತ್ತು" ಎಂದಳು ಬೊರ್ಗಿಲ್ಡ್.

ಡ್ವೇನ್‌ಗೆ ಜೀವ ಬಂತು. "ಕೇಳಿದ್ರಾ? ನಾರ್ವೆಯೋನು! ಹಾಗಾದ್ರೆ ಬೇಜಾರು ಮಾಡ್ಕೊಳ್ಳೋಕೆ ನಿನಗೇನಯ್ಯಾ ಹಕ್ಕಿದೆ?"

"ಬೇಜಾರಿಲ್ಲ ಅಂದಾಗ ಯಾರೂ ಹಕ್ಕು ಕೇಳಲಿಲ್ಲವಲ್ಲ ಡ್ವೇನ್" ಎಂದ ವೆಂಡೆಲ್. "ಪೈ ಕೊಡಿಸಿದೆ."

ವ್ಯಂಗ್ಯವಾಡುವ ಶಕ್ತಿ ಅವನಿಗಿರಲಿಲ್ಲ, ನಡೆದದ್ದನ್ನು ಹೇಳಿದ್ದ ಅಷ್ಟೆ. ಆದರೆ ಡ್ವೇನ್‌ನ ಅಕ್ಕಪಕ್ಕದವರು ಕುರ್ಚಿಗಳನ್ನು ಒಂದಿಷ್ಟು ದೂರ ಸರಿಸಿಕೊಂಡರು. ಆಗ ಡೆಲ್ಫೀನ್ ಎದ್ದು, ಗೋಡೆಯ ಬದಿಗೆ ನಿಂತಿದ್ದ ಗೊಂಬೆಯನ್ನು ತೋರಿಸಿ, "ಇದನ್ನ ನಿಲ್ಲಿಸಿ ಅಂತ ನಾವು ಎಷ್ಟೋ ವರ್ಷದಿಂದ ಹೇಳ್ತಾ ಇದೀವಿ. ನಮ್ಮನ್ನೇ ಕೇಳಿದ್ರೆ ಸಾಕಿತ್ತು" ಎಂದು ಕೂತಳು. ಅದಕ್ಕಿಂತ ಚಿಕ್ಕ ಭಾಷಣ ಆ ದಿನ ಇನ್ನೊಂದಾಗಲಿಲ್ಲ.

ಮಂಡಳಿ ಮತ ಹಾಕಿತು. ಬ್ರೇವ್ಸ್ ಹೆಸರು ಹೋಯಿತು, ರಬ್ಬರ್ ತಲೆಯೂ ಹೋಯಿತು. ಯಾರಿಗೂ ಬೇಜಾರಾಗದ ಹೆಸರು ಸಿಗುವವರೆಗೆ ತಂಡಕ್ಕೆ ಹೆಸರೇ ಬೇಡ ಎಂದು ತೀರ್ಮಾನವಾಯಿತು. ಇಂದಿಗೂ ಆ ಊರಿನಲ್ಲಿ ಗೋಲು ಬಿದ್ದಾಗ ಜನ ಎದ್ದುನಿಂತು, ಏನು ಕೂಗಬೇಕೆಂದು ತಿಳಿಯದೆ, "ನಾವು! ನಾವು!" ಎಂದು ಕೂಗುತ್ತಾರೆ. ಇದಕ್ಕೆ ಎದುರು ತಂಡದವರು ಮಾತ್ರ ಆಕ್ಷೇಪಿಸಿದ್ದಾರೆ.

ಸಭೆ ಮುಗಿದಾಗ ವೆಂಡೆಲ್ ಒಬ್ಬನೇ ಹೊರಬಿದ್ದ. ಡ್ವೇನ್‌ನ ಕಡೆಯವರು ಅವನನ್ನು ದಾಟಿ ಹೋಗುವಾಗ ಆಕಾಶ ನೋಡಿದರು. ಆರ್ಡಿಸ್ ಮಾತ್ರ ಪಕ್ಕಕ್ಕೆ ಬಂದು, "ನಾನು ಪೂರ್ತಿ ಕೇಳಿಸಿಕೊಂಡೆ" ಎಂದು ಹೇಳಿ, ಅದು ತನಗೇ ವಿಚಿತ್ರವೆನಿಸಿ, ಕಾರಿನಲ್ಲಿ ಹೋಗಿ ಕೂತಳು. ಡೆಲ್ಫೀನ್ ಬರ್ನಿಸಳ ಕೈಹಿಡಿದು ಮೆಟ್ಟಿಲಿಳಿಸುತ್ತಿದ್ದಳು. ವೆಂಡೆಲ್ ಟೋಪಿ ತೆಗೆದು ಎದುರಿಗೆ ಹೋಗಿ ನಿಂತ.

"ಚಿಕ್ಕಮ್ಮ... ಅಂದ್ರೆ, ಮೇಡಂ. ನಾನು ನಿಮ್ಮ ನೆಂಟ ಅಲ್ಲ. ಮೊದಲೇ ಹೇಳ್ಬೇಕಿತ್ತು."

"ಅದು ನೀನು ಗುನ್‌ಹಿಲ್ಡ್ ಅಂದ ದಿನವೇ ಗೊತ್ತು" ಎಂದಳು ಡೆಲ್ಫೀನ್. "ನಮ್ಮ ದಡದೋರಿಗೆಲ್ಲ ಹೇಳ್ಕೊಂಡು ನಕ್ಕಿದೀವಿ."

"ಮತ್ತೆ ಯಾಕೆ... ತಮ್ಮ ಅಂದ್ರಿ, ಊಟ ಹಾಕಿದ್ರಿ?"

ಬರ್ನಿಸ್ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ನಾನೂ ನಿಮ್ಮೋನು, ನಮ್ಮಜ್ಜಿ ನಿಮ್ಮೋಳು ಅಂತ ಹೇಳ್ಕೊಂಡು ಬರೋರು ನಮಗೇನು ಕಮ್ಮಿಯೇನೋ? ಬರ್ತಾನೇ ಇರ್ತಾರೆ. ಎಲ್ಲರಿಗೂ ಏಣಿ ತೋರಿಸ್ತೀವಿ. ಹತ್ತಿದೋನು ನೀನೊಬ್ಬನೇ."

ಅವನು ಟೋಪಿಯನ್ನು ಮತ್ತೆ ತಲೆಗೇರಿಸಿದ.

"ಶನಿವಾರ ಬೇಗ ಬಾ" ಎಂದು ಬರ್ನಿಸ್ ಕಾರಿನ ಬಾಗಿಲು ತೆಗೆದಳು. "ಚಿಮಣಿ ಹತ್ತಿರ ಇನ್ನೂ ಸೋರ್ತಾ ಇದೆ."